ಕೀಟೋ ಹಿಟ್ಟು, ಶುಗರ್‌ಫ್ರೀ ಕುಕ್ಕೀಸ್, ಶುಗರ್‌ಫ್ರೀ ಅಕ್ಕಿ: ಇಷ್ಟು ದುಡ್ಡು ಕೊಟ್ಟು ತರೋದು ಬೇಕಾ?

ಪ್ರಶ್ನೆ: ಮೇಡಂ ನಮಸ್ತೆ. ನಾನು ತೀರ್ಥಹಳ್ಳಿ ಕಡೆಯವಳು, ಪ್ರೈಮರಿ ಶಾಲೆ ಟೀಚರ್, ವಯಸ್ಸು 47. ಶುಗರ್ ಬಂದು ಆರು ವರ್ಷ ಆಯ್ತು. ಬೆಳಿಗ್ಗೆ ಗ್ಲಿಮಿಪಿರೈಡ್ ಮತ್ತೆ ಮೆಟ್‌ಫಾರ್ಮಿನ್ ಸೇರಿರೋ ಮಾತ್ರೆ, ರಾತ್ರಿ ಮೆಟ್‌ಫಾರ್ಮಿನ್ ಒಂದೇ. ಥೈರಾಯ್ಡ್ ಮಾತ್ರೆನೂ ಇದೆ. ಹೋದ ತಿಂಗಳು ಮೂರು ತಿಂಗಳ ಆವರೇಜ್ ಟೆಸ್ಟಲ್ಲಿ 8.2 ಬಂತು. ಬೆಂಗಳೂರಲ್ಲಿರೋ ಮಗಳು ಹೆದರಿಕೊಂಡು ಆನ್‌ಲೈನಲ್ಲಿ ಕೀಟೋ ಹಿಟ್ಟು (ಕಿಲೋಗೆ 540 ರೂಪಾಯಿ!), ಶುಗರ್‌ಫ್ರೀ ಕುಕ್ಕೀಸ್, ನೀರಲ್ಲಿ ಮುಳುಗಿರೋ ಅದೆಂಥದೋ ಬಿಳಿ ನೂಡಲ್ಸ್ ಎಲ್ಲ ಕಳ್ಸಿದಾಳೆ. ನಮ್ಮನೆಯವರು ಶಿವಮೊಗ್ಗಕ್ಕೆ ಹೋದಾಗ ಶುಗರ್‌ಫ್ರೀ ಅಕ್ಕಿ ಅಂತ ಒಂದು ಮೂಟೆ ತಂದ್ರು. ಅತ್ತೆ ಮಾತ್ರ ಇದೆಲ್ಲ ಪ್ಯಾಕೆಟ್ ವಿಷ, ರಾಗಿ ತಿನ್ನು, ಸಕ್ಕರೆ ಬದ್ಲು ಜೋನಿ ಬೆಲ್ಲ ಹಾಕ್ಕೋ ಅಂತಾರೆ. ನನಗೆ ತಲೆ ಕೆಟ್ಟಿರೋದು ಏನಂದ್ರೆ, ದಿನಾ ತಿನ್ನೋ ಎರಡು ಅಕ್ಕಿ ರೊಟ್ಟಿ ಬದ್ಲು ಕೀಟೋ ಹಿಟ್ಟಿನ ಎರಡು ಚಪಾತಿ ತಿಂದು ಹೋದ ದಿನ ಹನ್ನೊಂದೂವರೆ ಹೊತ್ತಿಗೆ ಕೈ ನಡುಗಿ ಬೆವತು ಕ್ಲಾಸಲ್ಲೇ ಕೂತ್ಬಿಟ್ಟೆ, ಮೀಟರಲ್ಲಿ 64 ತೋರಿಸ್ತು. ಸಂಜೆ ಕಾಫಿ ಜೊತೆ ಆರು ಕುಕ್ಕೀಸ್ ತಿಂದ್ರೆ 200 ದಾಟುತ್ತೆ, ಹೊಟ್ಟೆನೂ ಗುಡುಗುಡು. ಎರಡರ ಮೇಲೂ ಲೋ ಕಾರ್ಬ್ ಅಂತಾನೇ ಬರೆದಿದೆ. ಇದ್ರಲ್ಲಿ ಯಾವುದು ಇಟ್ಕೊಳ್ಳಲಿ, ಯಾವುದು ಬಿಡ್ಲಿ? ಪ್ಯಾಕೆಟ್ ಫೋಟೋ ಕಳ್ಸಿದೀನಿ.

ಉತ್ತರ: ಟೀಚರ್, ನಮಸ್ತೆ. ನಿಮ್ಮ ಪ್ರಶ್ನೆ ದುಡ್ಡು ದಂಡನಾ ಅನ್ನೋದು, ಅದಕ್ಕೆ ಬರ್ತೀನಿ. ಆದ್ರೆ ನೀವು ಮಧ್ಯದಲ್ಲೆಲ್ಲೋ ಹೇಳಿ ಮುಂದೆ ಹೋದ ಆ 64 ಇದ್ಯಲ್ಲ, ನನಗೆ ನಿಮ್ಮ 8.2ಕ್ಕಿಂತ ಅದೇ ಹೆಚ್ಚು ಯೋಚನೆ ಹುಟ್ಟಿಸಿದ್ದು. 70ಕ್ಕಿಂತ ಕೆಳಗೆ ಬಂದ್ರೆ ಅದು ಲೋ ಶುಗರ್, 54ಕ್ಕಿಂತ ಕೆಳಗೆ ಹೋದ್ರೆ ಅಪಾಯ. ನೀವು ಬಸ್ಸಲ್ಲಿ ನಿಂತಿದ್ದಾಗಲೋ, ಗಾಡಿ ಓಡಿಸ್ತಾ ಘಾಟಿ ರಸ್ತೆಲಿ ಇದ್ದಾಗಲೋ ಇದು ಆಗಿದ್ರೆ ಏನು ಗತಿ.

ಯಾಕೆ ಹಾಗಾಯ್ತು ಅಂದ್ರೆ ಆ ಹಿಟ್ಟು ನಿಜವಾಗ್ಲೂ ಲೋ ಕಾರ್ಬ್, ಅಂದ್ರೆ ಹೊಟ್ಟೇಲಿ ಸಕ್ಕರೆ ಆಗೋ ಕಾರ್ಬೋಹೈಡ್ರೇಟ್ ಕಮ್ಮಿ, ಅದಕ್ಕೇ. ಫೋಟೋದಲ್ಲಿ ನೋಡಿದೆ, 100 ಗ್ರಾಂಗೆ ಕಾರ್ಬೋಹೈಡ್ರೇಟ್ 24 ಗ್ರಾಂ, ಅದರಲ್ಲಿ ನಾರೇ 14. ಎರಡು ಚಪಾತಿಗೆ 60 ಗ್ರಾಂ ಹಿಟ್ಟು ಅಂತ ಇಟ್ಕೊಳ್ಳಿ, ರಕ್ತಕ್ಕೆ ಸಕ್ಕರೆ ಆಗಿ ಹೋಗೋದು ಆರೇಳು ಗ್ರಾಂ ಅಷ್ಟೇ. ನೀವು ದಿನಾ ತಿಂತಿದ್ದದ್ದು ಎರಡು ಅಕ್ಕಿ ರೊಟ್ಟಿ. ನಮ್ಮ ಕಡೆ ರೊಟ್ಟಿ ಅಂದ್ರೆ ಒಂದಕ್ಕೆ 60 ಗ್ರಾಂ ಹಿಟ್ಟಾದ್ರೂ ಬೇಕು, ಎರಡಕ್ಕೆ 90 ಗ್ರಾಂ ಹತ್ತಿರ ಕಾರ್ಬ್. ನಿಮ್ಮ ಡಾಕ್ಟರು ಗ್ಲಿಮಿಪಿರೈಡ್ ಡೋಸ್ ಬರೆದಿರೋದು ಆ 90 ಗ್ರಾಂ ತಿನ್ನೋ ಟೀಚರಿಗೆ. ಈ ಮಾತ್ರೆ ಪ್ಯಾಂಕ್ರಿಯಾಸನ್ನ ಒತ್ತಿ ಇನ್ಸುಲಿನ್ ಬಿಡಿಸುತ್ತೆ, ನೀವು ತಿಂದ್ರೂ ಬಿಡಿಸುತ್ತೆ, ತಿನ್ನದೇ ಇದ್ರೂ ಬಿಡಿಸುತ್ತೆ. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಹೀಗಾಗೋದು ಅಪರೂಪ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಇರೋರು, ಇನ್ಸುಲಿನ್ ಚುಚ್ಚಿಕೊಳ್ಳೋರು ಕಾರ್ಬ್ ದಿಢೀರ್ ಇಳಿಸಿದ್ರೆ ಹೀಗೇ ಆಗೋದು.

ಹಾಗಾಗಿ ಡಾಕ್ಟರ ಹತ್ರ ಮಾತಾಡೋವರೆಗೆ ಆ ಹಿಟ್ಟನ್ನ ಬೆಳಿಗ್ಗೆ ತಿಂಡಿಗೆ ಬಳಸ್ಬೇಡಿ. ಮಾತ್ರೆ ನೀವೇ ನಿಲ್ಲಿಸೋಕೂ ಹೋಗ್ಬೇಡಿ. "ನಾನು ಬೆಳಿಗ್ಗೆ ಕಾರ್ಬ್ ಕಮ್ಮಿ ಮಾಡ್ತಿದೀನಿ, 64 ಬಂದಿತ್ತು" ಅಂತ ಹೇಳಿ, ಅವರು ಡೋಸ್ ಇಳಿಸಬಹುದು, ಬೇರೆ ಮಾತ್ರೆಗೆ ಬದಲಾಯಿಸಬಹುದು. ಅಲ್ಲಿವರೆಗೆ ಬ್ಯಾಗಲ್ಲಿ ಸಕ್ಕರೆ ಪೊಟ್ಟಣ ಇರ್ಲಿ. ನಡುಕ ಬಂದ್ರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡೀರಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಏರಿಲ್ಲ ಅಂದ್ರೆ ಇನ್ನೊಂದು ಸಲ. ಜೋನಿ ಬೆಲ್ಲ ಒಂದು ದೊಡ್ಡ ಚಮಚನೂ ಆಗುತ್ತೆ, ಅತ್ತೆಯವರ ಜೋನಿ ಬೆಲ್ಲಕ್ಕೆ ನಿಮ್ಮ ಮಟ್ಟಿಗೆ ಇರೋ ಒಳ್ಳೆ ಉಪಯೋಗ ಇದೊಂದೇ. ಆವಾಗ ಮಾತ್ರ ಶುಗರ್‌ಫ್ರೀ ಕುಕ್ಕೀಸ್ ತಿಂದು ಕೂರಬೇಡಿ, ಹಾಗೆ ಮಾಡಿದೋರನ್ನೂ ನೋಡಿದೀನಿ.

ನಿಮಗೆ ಸಂಬಂಧ ಇಲ್ಲದಿದ್ರೂ ಇದನ್ನ ಓದೋ ಬೇರೆಯವರಿಗೆ ಒಂದು ಮಾತು. ಮಾತ್ರೆ ಹೆಸರು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ 'ಗ್ಲಿಫ್ಲೋಜಿನ್' ಸೇರಿ ಮುಗಿಯೋದಾದ್ರೆ ಕಾರ್ಬ್ ಬಹುತೇಕ ಬಿಟ್ಟುಬಿಡೋ ಕೀಟೋ ಡಯಟ್ ಸುದ್ದಿಗೇ ಹೋಗ್ಬೇಡಿ. ಪೇಟೆಂಟ್ ಮುಗಿದು ರೇಟ್ ಇಳಿದ ಮೇಲೆ ಈ ಮಾತ್ರೆಗಳು ತುಂಬಾ ಜನರ ಚೀಟಿಲಿ ಇವೆ. ಮಾತ್ರೆ ಒಳ್ಳೆದೇ, ಆದ್ರೆ ಕಾರ್ಬ್ ಪೂರ್ತಿ ಬಿಟ್ಟು ಇದನ್ನ ತಗೊಂಡ್ರೆ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರಿ ಆಸ್ಪತ್ರೆ ಸೇರೋ ಹಾಗಾಗಬಹುದು, ಅದೂ ಮೀಟರಲ್ಲಿ ಶುಗರ್ ಹೆಚ್ಚೇನೂ ತೋರಿಸದೇ. ವಾಂತಿ, ಹೊಟ್ಟೆನೋವು, ಏದುಸಿರು ಬಂದ್ರೆ ಗ್ಯಾಸ್ಟ್ರಿಕ್ ಅಂತ ಮನೇಲಿ ಕೂರೋ ಹಾಗಿಲ್ಲ.

ಇನ್ನು ಕುಕ್ಕೀಸ್. ಇದು ಹಿಟ್ಟಿಗೆ ತದ್ವಿರುದ್ಧ ಕೇಸು. ಹಿಟ್ಟು ಹೇಳಿದ್ದನ್ನ ಮಾಡ್ತು, ಇದು ಹೇಳಿದ್ದೇ ಬೇರೆ ಮಾಡಿದ್ದೇ ಬೇರೆ, ಹಾಗಂತ ಸುಳ್ಳು ಹೇಳಿದೆ ಅಂತ ಕೇಸ್ ಹಾಕೋಕೂ ಆಗಲ್ಲ. ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ದಾಟದಿದ್ರೆ ಶುಗರ್‌ಫ್ರೀ ಅಂತ ಬರೀಬಹುದು. ನಿಮ್ಮ ಪ್ಯಾಕೆಟ್ ಹಿಂದೆ ಸಕ್ಕರೆ 0.3 ಅಂತಿದೆ, ಸರಿಯಾಗೇ ಇದೆ. ಅದರ ಎರಡು ಸಾಲು ಮೇಲೆ ನೋಡಿ, ಕಾರ್ಬೋಹೈಡ್ರೇಟ್ 66 ಗ್ರಾಂ. ಕೆಳಗೆ ಸಾಮಗ್ರಿ ಪಟ್ಟಿ, ಮೊದಲನೇದು ಮೈದಾ, ಎರಡನೇದು ಮಾಲ್ಟಿಟಾಲ್ ಅನ್ನೋ ಸಕ್ಕರೆ ಬದಲಿ ಸಿಹಿ, ಆಮೇಲೆ ತಾಳೆ ಎಣ್ಣೆ, ಪಿಷ್ಟದಿಂದ ಮಾಡೋ ಮಾಲ್ಟೋಡೆಕ್ಸ್ಟ್ರಿನ್ ಪುಡಿ. ಈ ಪಟ್ಟೀಲಿ ಯಾವುದು ಜಾಸ್ತಿ ಇದ್ಯೋ ಅದನ್ನೇ ಮೊದಲು ಬರೀಬೇಕು ಅಂತ ಕಾನೂನು, ಹಾಗಾಗಿ ನೀವು 320 ರೂಪಾಯಿ ಕೊಟ್ಟು ತರಿಸಿರೋದು ಮೈದಾ ಬಿಸ್ಕತ್ತು. ಮೈದಾಗೆ ಸಕ್ಕರೆ ಅನ್ನೋ ಹೆಸರಿಲ್ಲ, ಹೊಟ್ಟೆಗೆ ಹೋದ ಮೇಲೆ ಆಗೋದು ಗ್ಲೂಕೋಸೇ. ಮಾಲ್ಟೋಡೆಕ್ಸ್ಟ್ರಿನ್ ಅಂತೂ ಕೆಲವು ಸಲ ಸಕ್ಕರೆಗಿಂತ ಬೇಗ ಏರಿಸುತ್ತೆ, ಆದ್ರೆ ಲೇಬಲ್ಲಿನ ಸಕ್ಕರೆ ಲೆಕ್ಕಕ್ಕೆ ಅದು ಬರಲ್ಲ.

ಮತ್ತೆ ಮುಂದ್ಗಡೆ ದಪ್ಪಕ್ಷರದಲ್ಲಿ "ನೆಟ್ ಕಾರ್ಬ್ 4 ಗ್ರಾಂ ಮಾತ್ರ" ಅಂತ ಇದೆ. ಅದು ಒಂದು ಕುಕ್ಕಿಗೆ. ನೀವು ತಿಂದಿದ್ದು ಆರು. ನೆಟ್ ಕಾರ್ಬ್ ಅಂದ್ರೆ ಕಂಪನಿಯವರು ಒಟ್ಟು ಕಾರ್ಬಲ್ಲಿ ನಾರನ್ನ ಕಳೆದು, ಮಾಲ್ಟಿಟಾಲ್ ಥರದ ಸಕ್ಕರೆ ಆಲ್ಕೋಹಾಲನ್ನೂ ಪೂರ್ತಿ ಕಳೆದು ಉಳಿಸಿದ ನಂಬರ್. (ಹೆಸರಲ್ಲಿ ಆಲ್ಕೋಹಾಲ್ ಇದೆ ಅಂತ ಹೆದರ್ಬೇಡಿ, ಅಮಲಿಗೂ ಅದಕ್ಕೂ ಸಂಬಂಧ ಇಲ್ಲ.) ನಾರು ಕಳೆದಿದ್ದು ಒಪ್ಪೋಣ. ಅದೇ ಜಾತಿಯ ಎರಿಥ್ರಿಟಾಲ್ ಆಗಿದ್ರೂ ಒಪ್ಪಬಹುದಿತ್ತು, ಅದು ಶುಗರ್ ಏರಿಸಲ್ಲ. ಮಾಲ್ಟಿಟಾಲ್ ಹಾಗಲ್ಲ, ಗ್ರಾಂಗೆ ಎರಡು ಕ್ಯಾಲರಿ ಕೊಡುತ್ತೆ, ಸಕ್ಕರೆ ಕೊಡೋದು ನಾಲ್ಕು, ಅಂದ್ರೆ ಅರ್ಧದಷ್ಟು ಒಳಗೆ ಹೋಗೇ ಹೋಗುತ್ತೆ. ಉಳಿದದ್ದು ದೊಡ್ಡ ಕರುಳಲ್ಲಿ ಹುಳಿತು ಗ್ಯಾಸು ಮಾಡುತ್ತೆ, ಜಾಸ್ತಿ ಆದ್ರೆ ಭೇದಿ. ನಿಮ್ಮ ಗುಡುಗುಡು ಅದೇ. ಆರು ಕುಕ್ಕೀಸ್ ಅಂದ್ರೆ 60 ಗ್ರಾಂ, ಕಾರ್ಬ್ 40 ಗ್ರಾಂ, ಒಂದು ಅಕ್ಕಿ ರೊಟ್ಟಿಗೆ ತುಸು ಕಮ್ಮಿ. ಮಾಮೂಲಿ ಬಿಸ್ಕತ್ತಾಗಿದ್ರೆ ನೀವು ಆರು ತಿಂತಿದ್ರಾ? ಎರಡಕ್ಕೇ ಹೆದರಿ ಡಬ್ಬ ಮುಚ್ತಿದ್ರಿ. ಇದರ ನಷ್ಟ ಇರೋದು ಅಲ್ಲೇ, ಆ ಹೆಸರು ನೋಡಿ ಕೈ ಧಾರಾಳ ಆಗುತ್ತೆ. ಇದನ್ನ ಇನ್ಮೇಲೆ ತರಿಸ್ಬೇಡಿ, ಇರೋದನ್ನ ಮನೆಗೆ ಬಂದ ಮಕ್ಕಳಿಗೂ ಕೊಡ್ಬೇಡಿ, ಹೊಟ್ಟೆ ಕೆಡುತ್ತೆ.

ಸಿಹಿಕಾರಕ ಅಂದಾಗ ವಾಟ್ಸಾಪಲ್ಲಿ ಓಡಾಡೋ ಮೆಸೇಜ್ ನಿಮಗೂ ಬಂದಿರುತ್ತೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಇಳಿಸೋಕೆ ಅಂತ ಸಕ್ಕರೆ ಬದಲಿ ಸಿಹಿಗಳನ್ನ ಬಳಸ್ಬೇಡಿ ಅಂದಿದ್ದು ನಿಜ, ಆದ್ರೆ ಆಗಲೇ ಶುಗರ್ ಇರೋರಿಗೆ ಆ ಸಲಹೆ ಅನ್ವಯ ಆಗಲ್ಲ ಅಂತ ಅದರಲ್ಲೇ ಬರೆದಿದೆ, ಫಾರ್ವರ್ಡ್ ಮಾಡೋರು ಆ ಸಾಲು ಬಿಟ್ಟಿರ್ತಾರೆ. ಅದೇ ವರ್ಷ ಎರಿಥ್ರಿಟಾಲಿಗೂ ಹೃದಯದ ತೊಂದರೆಗೂ ನಂಟಿದೆ ಅನ್ನೋ ಅಧ್ಯಯನ ಬಂತು, ನಂಟು ಕಂಡಿದೆ, ಅದೇ ಕಾರಣ ಅಂತ ಸಾಬೀತಾಗಿಲ್ಲ. ಕಾಫಿಗೆ ಒಂದು ಸಿಹಿ ಮಾತ್ರೆ ಹಾಕೊಂಡ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ. ದಿನಾ ಕುಕ್ಕೀಸು, ಐಸ್‌ಕ್ರೀಮು, ಚಾಕಲೇಟು ಎಲ್ಲಾ ಅದರದ್ದೇ ಆದ್ರೆ ಬೇಡ ಅಂತೀನಿ.

ಅಕ್ಕಿ ವಿಷಯ. ಶುಗರ್‌ಫ್ರೀ ಅಕ್ಕಿ ಅನ್ನೋದು ಅಂಗಡಿಯವರು ಇಟ್ಟ ಹೆಸರು, ಸಕ್ಕರೆ ಆಗದಿರೋ ಅಕ್ಕಿ ಯಾವ ಗದ್ದೇಲೂ ಬೆಳೆಯಲ್ಲ. ನಿಮ್ಮ ಮೂಟೆ ಮೇಲಿರೋ ಆರ್‌ಎನ್‌ಆರ್ 15048 ತೆಲಂಗಾಣದ ಕೃಷಿ ವಿಶ್ವವಿದ್ಯಾಲಯದ ತಳಿ, ತೆಲಂಗಾಣ ಸೋನಾ ಅಂತಾರೆ. ಅದರ ಗ್ಲೈಸೆಮಿಕ್ ಇಂಡೆಕ್ಸ್ 51ರ ಆಸುಪಾಸು, 55ರ ಒಳಗಿದ್ರೆ ಕಮ್ಮಿ ಅಂತ ಲೆಕ್ಕ, ಮಾಮೂಲಿ ಪಾಲಿಶ್ ಅಕ್ಕಿ ಸಾಮಾನ್ಯವಾಗಿ 70ರ ಆಚೀಚೆ. ಇಂಡೆಕ್ಸ್ ಹೇಳೋದು ಎಷ್ಟು ಬೇಗ ಏರುತ್ತೆ ಅಂತ, ಎಷ್ಟು ಕಾರ್ಬ್ ಇದೆ ಅಂತಲ್ಲ. ಕಾರ್ಬ್ ಬೇರೆ ಅಕ್ಕಿಯಷ್ಟೇ ಇರುತ್ತೆ. ಒಂದು ಬಟ್ಟಲು ಅನ್ನ, 150 ಗ್ರಾಂ ಅಂದ್ಕೊಳ್ಳಿ, ಯಾವ ಅಕ್ಕಿದಾದ್ರೂ 40 ಗ್ರಾಂ ಕಾರ್ಬ್. ಬೆಲೆಲಿ ಹೆಚ್ಚು ವ್ಯತ್ಯಾಸ ಇಲ್ಲದಿದ್ರೆ ತಗೊಳ್ಳಿ, ಉಣ್ಣೋಕೂ ಚೆನ್ನಾಗಿದೆ. ಶುಗರ್‌ಫ್ರೀ ಅಂತ ಎರಡನೇ ಸೌಟು ಹಾಕ್ಕೊಂಡ್ರೆ ಇಂಡೆಕ್ಸಿಂದ ಸಿಕ್ಕ ಲಾಭ ಅಲ್ಲೇ ಹೋಯ್ತು. ಮನೆ ಗದ್ದೆ ಕೆಂಪಕ್ಕಿಗೂ ಇದೇ ಮಾತು, ನಾರು ಜಾಸ್ತಿ, ಒಳ್ಳೆದು, ಕಾರ್ಬ್ ಮಾತ್ರ ಹತ್ತಿರ ಹತ್ತಿರ ಅಷ್ಟೇ.

ಅತ್ತೆಯವರ ರಾಗಿನೂ ಇದೇ ಸಾಲಿಗೆ ಬರುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟೀಲಿ 100 ಗ್ರಾಂ ಪಾಲಿಶ್ ಅಕ್ಕಿಗೆ ಕಾರ್ಬ್ 78, ರಾಗಿಗೆ 67, ಗೋಧಿ ಹಿಟ್ಟಿಗೆ 64. ರಾಗಿ, ಗೋಧಿ ಎರಡರಲ್ಲೂ ನಾರು 11 ಗ್ರಾಂ ಇದೆ, ಅಕ್ಕೀಲಿ ಮೂರು ಗ್ರಾಂ ಕೂಡ ಇಲ್ಲ, ಅಷ್ಟು ಲಾಭ. ಆದ್ರೆ ರಾಗಿ ಅಂತ ಎರಡು ದೊಡ್ಡ ಮುದ್ದೆ ನುಂಗಿದ್ರೆ ಮೀಟರು ಒಪ್ಪಲ್ಲ. ನಯವಾಗಿ ಬೀಸಿ ಗಂಜಿ ಮಾಡಿ ಕುಡಿದ್ರೆ ಇನ್ನೂ ಬೇಗ ಏರುತ್ತೆ. ಬೆಲ್ಲ, ಜೇನುತುಪ್ಪ, ಜೋನಿ ಬೆಲ್ಲ ಮೂರೂ ಸಕ್ಕರೆನೇ, ಸಾವಯವ ಆದ್ರೂ ಸಕ್ಕರೆನೇ. ಪ್ಯಾಕೆಟ್ ಎಲ್ಲ ವಿಷ ಅನ್ನೋದನ್ನೂ ನಾನು ಒಪ್ಪಲ್ಲ, ಹಿಂದುಗಡೆ ಓದದೇ ವಿಷ ಅನ್ನೋದಕ್ಕೂ ಓದದೇ ಔಷಧಿ ಅನ್ನೋದಕ್ಕೂ ಏನು ವ್ಯತ್ಯಾಸ.

ಆ ಬಿಳಿ ನೂಡಲ್ಸ್ ಬಗ್ಗೆ ಹೇಳ್ಬೇಕು, ನನಗೆ ಅದು ಖುಷಿ ವಿಷಯ. ಅದು ಕೊಂಜಾಕ್ ಅನ್ನೋ ಗಡ್ಡೆದು, ನಮ್ಮ ಸುವರ್ಣಗಡ್ಡೆ ಜಾತಿಗೇ ಸೇರಿದ್ದು, ಜಪಾನ್ ಚೀನಾ ಕಡೆ ತಿಂತಾರೆ. ಅದರಲ್ಲಿರೋದು ಬಹುತೇಕ ನೀರು, ಜೊತೆಗೆ ಗ್ಲೂಕೋಮನ್ನನ್ ಅನ್ನೋ ನಾರು, ಶುಗರ್ ಏರೋಕೆ ಏನೂ ಇಲ್ಲ. ಹಾಗಂತ ಸುವರ್ಣಗಡ್ಡೆನೂ ಲೋ ಕಾರ್ಬ್ ಅಂತ ಪಲ್ಯ ಹೆಚ್ಚಿಸ್ಬೇಡಿ, ನಮ್ಮದರಲ್ಲಿ ಪಿಷ್ಟ ಚೆನ್ನಾಗೇ ಇದೆ. ಬಿಚ್ಚಿದಾಗ ಮೀನಿನ ವಾಸನೆ ಬಂದ್ರೆ ಗಾಬರಿ ಬೇಡ, ಅದು ಹಾಳಾಗಿಲ್ಲ, ಮೂರ್ನಾಲ್ಕು ನೀರಲ್ಲಿ ತೊಳೆದು ಬಾಣಲೇಲಿ ಎಣ್ಣೆ ಇಲ್ಲದೇ ಸ್ವಲ್ಪ ಹುರಿದ್ರೆ ಹೋಗುತ್ತೆ. ರುಚಿ ಅಂತ ಏನೂ ಇಲ್ಲ, ಒಗ್ಗರಣೆ ಏನು ಹಾಕ್ತೀರೋ ಅದೇ ರುಚಿ. ಚೆನ್ನಾಗಿ ಅಗಿದು ತಿನ್ನಿ. ಮಗಳು ಬಂದಾಗ ಒಂದು ದಿನ ಮಾಡ್ಕೊಂಡು ತಿನ್ನಿ, ದಿನಾ ದುಡ್ಡು ಹಾಕೋ ಅಷ್ಟು ಅದರಲ್ಲಿ ಪೋಷಣೆ ಇಲ್ಲ.

ಈಗ 540 ರೂಪಾಯಿ ಹಿಟ್ಟು. ಡಾಕ್ಟರು ಮಾತ್ರೆ ಹೊಂದಿಸಿದ ಮೇಲೆ ಅದನ್ನ ಇಟ್ಕೋಬೇಕಾ ಅನ್ನೋದು. ಅದರೊಳಗೆ ಸೋಯಾ ಹಿಟ್ಟು, ಗೋಧಿಯ ಗ್ಲುಟನ್, ಬಾದಾಮಿ, ಅಗಸೆ, ಇಸಬ್‌ಗೋಲ್ ಇದೆ. ಕೆಟ್ಟದ್ದು ಯಾವುದೂ ಇಲ್ಲ, ಆದ್ರೆ ನಿಮಗೆ ಎರಡು ತೊಡಕಿದೆ. ಒಂದು ಥೈರಾಯ್ಡ್ ಮಾತ್ರೆ. ಸೋಯಾ ಮತ್ತೆ ಈ ಪಾಟಿ ನಾರು ಆ ಮಾತ್ರೆ ಕರುಳಿಂದ ಒಳಗೆ ಹೋಗೋದನ್ನ ತಡೀತವೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಮಾತ್ರೆ ನುಂಗಿ ಅರ್ಧ ಗಂಟೆಗೇ ಸೋಯಾ ಚಪಾತಿ ತಿಂದ್ರೆ ಮಾತ್ರೆ ತಗೊಂಡೂ ಥೈರಾಯ್ಡ್ ಟೆಸ್ಟಿನ ಟಿಎಸ್‌ಎಚ್ ನಂಬರ್ ಏರ್ತಾ ಹೋಗುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ, ಡೋಸ್ ಹೆಚ್ಚಿಸ್ತಾರೆ. ನಾಲ್ಕು ಗಂಟೆ ಅಂತರ ಇರ್ಲಿ, ಅಂದ್ರೆ ಆ ಹಿಟ್ಟು ಮಧ್ಯಾಹ್ನಕ್ಕೋ ರಾತ್ರಿಗೋ ಮಾತ್ರ. ದಿನಾ ಬಳಸ್ತೀನಿ ಅಂದ್ರೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಒಂದು ಸಲ ಮಾಡಿಸಿ. ಎರಡನೇದು ನಮ್ಮ ಮಳೆಗಾಲ. ಬಾದಾಮಿ, ಅಗಸೆ ಹಿಟ್ಟಲ್ಲಿ ಎಣ್ಣೆ ಜಾಸ್ತಿ, ಜೂನ್ ಇಂದ ಸೆಪ್ಟೆಂಬರ್ ತನಕ ಅಡುಗೆಮನೆ ಡಬ್ಬದಲ್ಲಿಟ್ರೆ ಕಮಟು ವಾಸನೆ ಬಂದೇ ಬರುತ್ತೆ, ಫ್ರಿಜ್ಜಲ್ಲಿಡಿ, ವಾಸನೆ ಬಂದಿದ್ರೆ 540 ಅಂತ ನೋಡದೇ ಎಸೀರಿ. ಕಿಡ್ನಿ ರಿಪೋರ್ಟಲ್ಲಿ ಕ್ರಿಯಾಟಿನಿನ್ ಜಾಸ್ತಿ ಇರೋರು, ಗರ್ಭಿಣಿಯರು, ಊಟನೇ ಸರಿಯಾಗಿ ಸೇರದ ವಯಸ್ಸಾದವರು ಇದನ್ನ ಕೇಳದೇ ಶುರು ಮಾಡೋದು ಬೇಡ.

ನನ್ನ ಅಭಿಪ್ರಾಯ ಕೇಳಿದ್ರೆ ನಿಮಗೆ ಈ ಹಿಟ್ಟಿನ ಅಗತ್ಯ ಇಲ್ಲ. ಕಾರ್ಬ್ ಅಷ್ಟು ಪಾತಾಳಕ್ಕೆ ಇಳೀಬೇಕು ಅಂತಾನೇ ಇಲ್ಲ. 2022ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅನ್ನೋ ಶುಗರ್ ಅಧ್ಯಯನದವರು 18,090 ಜನರ ಊಟದ ಲೆಕ್ಕ ಇಟ್ಟು ಹೇಳಿದ್ದು ಇದು: ನಮ್ಮವರ ಶಕ್ತಿಯಲ್ಲಿ ಶೇಕಡ 60ರಿಂದ 75 ಕಾರ್ಬಿಂದಲೇ ಬರ್ತಿದೆ, ಹೊಸದಾಗಿ ಶುಗರ್ ಬಂದವರು ಅದನ್ನ 50ರ ಆಸುಪಾಸಿಗೆ ತಂದು ಪ್ರೋಟೀನ್ 20ರ ಹತ್ತಿರ ಒಯ್ದರೆ ಶುಗರ್ ಹಿಂದಕ್ಕೆ ಹೋಗೋ ಸಾಧ್ಯತೆ ಇದೆ ಅಂತ. ನಿಮ್ಮದು ಹೊಸದಲ್ಲ, ಆರು ವರ್ಷದ್ದು, ಆದ್ರೂ ದಾರಿ ಅದೇ. ಅದಕ್ಕೆ ಕೀಟೋ ಬೇಡ, ಎರಡು ರೊಟ್ಟಿ ಒಂದಾಗ್ಬೇಕು, ಆ ಜಾಗಕ್ಕೆ ಬೇರೇನಾದ್ರೂ ಬರ್ಬೇಕು. ಬರೀ ಕಮ್ಮಿ ಮಾಡಿ ಜಾಗ ಖಾಲಿ ಬಿಟ್ರೆ ಹನ್ನೊಂದು ಗಂಟೆಗೆ ಹಸಿವಾಗಿ ಸ್ಟಾಫ್‌ರೂಮಲ್ಲಿ ಯಾರದ್ದೋ ಹುಟ್ಟುಹಬ್ಬದ ಕೇಕಿಗೆ ಕೈ ಹೋಗುತ್ತೆ. ಇದಕ್ಕೂ ಡಾಕ್ಟರಿಗೆ ಹೇಳಿಯೇ ಶುರು ಮಾಡಿ, 90 ಗ್ರಾಂ 45 ಆದ್ರೂ ಗ್ಲಿಮಿಪಿರೈಡಿಗೆ ಅದು ದೊಡ್ಡ ಬದಲಾವಣೆನೇ.

ನಮ್ಮ ಕಡೆ ಆ ಜಾಗ ತುಂಬೋಕೆ ಏನು ಕೊರತೆ ಹೇಳಿ. ಒಂದು ರೊಟ್ಟಿ, ಜೊತೆಗೆ ಎರಡು ಮೊಟ್ಟೆ, ಇಲ್ಲಾ ಮೊಳಕೆ ಹುರುಳಿ ಪಲ್ಯ ಒಂದು ಬಟ್ಟಲು ತುಂಬ. ಮಳೆಗಾಲದಲ್ಲಿ ಕಳಲೆ, ಅಣಬೆ ಎರಡರಲ್ಲೂ ಕಾರ್ಬ್ ತೀರಾ ಕಮ್ಮಿ, ಕಳಲೆ ನೀರು ಬದಲಾಯಿಸ್ತಾ ನೆನೆಸಿ ಬೇಯಿಸೋದು ಗೊತ್ತೇ ಇದೆ ನಿಮಗೆ. ಬಾಳೆದಿಂಡು, ಹರಿವೆ, ಬಸಳೆ, ಒಂದೆಲಗದ ತಂಬುಳಿ. ಕಡುಬು ಮಾಡಿದ ದಿನ ಕೋಳಿ ಸಾರಿನ ಪಾತ್ರೆ ಹತ್ತಿರ ಇಟ್ಕೊಂಡು ಕಡುಬಿನ ಪಾತ್ರೆ ದೂರ ಇಡಿ, ಒಂದೇ ಕಡುಬು, ತುಂಡು ಎಷ್ಟಾದ್ರೂ. ಮೊದಲು ಪಲ್ಯ ಸಾರಿನ ತುಂಡು ತಿಂದು ಆಮೇಲೆ ರೊಟ್ಟಿ ಅನ್ನಕ್ಕೆ ಬಂದ್ರೆ ಅದೇ ಊಟಕ್ಕೆ ಶುಗರ್ ಕಮ್ಮಿ ಏರುತ್ತೆ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ರೊಟ್ಟಿ ಹಿಟ್ಟಿಗೇ ಏನಾದ್ರೂ ಬೆರೆಸ್ತೀನಿ ಅಂದ್ರೆ, ಬೇಯಿಸಿ ಲಟ್ಟಿಸೋ ನಮ್ಮ ರೊಟ್ಟಿಗೆ ಜಾಸ್ತಿ ಬೆರೆಸಿದ್ರೆ ಒಡೆದು ಹೋಗುತ್ತೆ, ತಟ್ಟೋ ರೊಟ್ಟಿಗೆ ಮಾತ್ರ ಅರ್ಧ ಅಕ್ಕಿಹಿಟ್ಟು, ಅರ್ಧ ತುರಿದ ಸೌತೆಕಾಯಿ, ನುಗ್ಗೆಸೊಪ್ಪು, ಸ್ವಲ್ಪ ಕಡಲೆಹಿಟ್ಟು ಹಾಕಬಹುದು.

ಎಳೆ ಹಲಸಿನ ಬಗ್ಗೆ ಬಹಳ ಜನ ಕೇಳ್ತಾರೆ. ಆಂಧ್ರದ ಶ್ರೀಕಾಕುಳಂನಲ್ಲಿ 40 ಜನ ಶುಗರ್ ಇರೋರ ಮೇಲೆ 12 ವಾರ ನೋಡಿದ ಅಧ್ಯಯನ ಇದೆ, ದಿನಕ್ಕೆ 30 ಗ್ರಾಂ ಹಸಿ ಹಲಸಿನಕಾಯಿ ಹಿಟ್ಟನ್ನ ಅಕ್ಕಿ ಅಥವಾ ಗೋಧಿ ಹಿಟ್ಟಿನ ಬದಲಿಗೆ ಹಾಕಿದೋರಿಗೆ ಮೂರು ತಿಂಗಳ ಆವರೇಜ್ ಇಳಿದಿತ್ತು. 40 ಜನ ಅಂದ್ರೆ ಸಣ್ಣ ಲೆಕ್ಕ, ಇದನ್ನ ನಂಬಿ ಮಾತ್ರೆ ಬಿಡೋ ಹಾಗಿಲ್ಲ. ಆದ್ರೆ ನಿಮ್ಮ ತೋಟದಲ್ಲೇ ಉದುರಿ ಕೊಳೆಯೋ ಕಾಯಿ, ಪಲ್ಯ ಹುಳಿ ಮಾಡಿ ಅನ್ನದ ಬದಲು ತಿನ್ನೋಕೆ ಯಾರಪ್ಪಣೆ ಬೇಕು. ಬದಲು ಅನ್ನೋದನ್ನ ಮರೀಬೇಡಿ, ಅನ್ನದ ಜೊತೆಗೆ ಅಲ್ಲ. ಹಣ್ಣು, ಚಿಪ್ಸು, ಹಪ್ಪಳಕ್ಕೆ ಈ ಮಾತು ಅನ್ವಯಿಸಲ್ಲ, ಅದೂ ಹೇಳಿಬಿಡ್ತೀನಿ ಯಾಕಂದ್ರೆ ಹೇಳದಿದ್ರೆ ಹಪ್ಪಳಕ್ಕೇ ಬರ್ತಾರೆ ಎಲ್ಲರೂ.

ಮುಂದೆ ಯಾವುದೇ ಹೊಸ ಪ್ಯಾಕೆಟ್ ಬಂದ್ರೂ ನನ್ನನ್ನ ಕೇಳೋ ಬದಲು ಮೀಟರನ್ನ ಕೇಳಿ. ತಿನ್ನೋ ಮುಂಚೆ ಒಂದು ಸಲ, ಮೊದಲ ತುತ್ತಿಂದ ಎರಡು ಗಂಟೆಗೆ ಇನ್ನೊಂದು ಸಲ. 50-60ಕ್ಕಿಂತ ಹೆಚ್ಚು ಏರಿದ್ರೆ, ಇಲ್ಲಾ 180 ದಾಟಿದ್ರೆ, ಮುಂದ್ಗಡೆ ಏನೇ ಬರೆದಿರ್ಲಿ ನಿಮ್ಮ ಮಟ್ಟಿಗೆ ಅದು ಲೋ ಕಾರ್ಬ್ ಅಲ್ಲ. ಕೊಳ್ಳೋ ಮುಂಚೆ ಅಂದ್ರೆ ಮೂರು ಕಡೆ ನೋಡಿದ್ರೆ ಸಾಕು, ಸಾಮಗ್ರಿ ಪಟ್ಟಿಯ ಮೊದಲ ಮೂರು ಹೆಸರು, 100 ಗ್ರಾಂಗೆ ಒಟ್ಟು ಕಾರ್ಬೋಹೈಡ್ರೇಟ್, ಮತ್ತೆ ಸರ್ವಿಂಗ್ ಅಂದ್ರೆ ಎಷ್ಟು ಗ್ರಾಂ ಅಂತ. ಮಗಳಿಗೆ ಏನಾದ್ರೂ ಕಳಿಸಲೇಬೇಕು ಅನ್ನಿಸಿದ್ರೆ ಮೀಟರಿನ ಸ್ಟ್ರಿಪ್ ಕಳಿಸೋಕೆ ಹೇಳಿ, ಕುಕ್ಕೀಸಿನ ದುಡ್ಡಲ್ಲಿ ಒಂದಷ್ಟು ಬರ್ತವೆ.

ಸಂಜೆ ಕಾಫಿ ಜೊತೆ ಏನು ಅಂತ ನೀವು ಕೇಳೇ ಕೇಳ್ತೀರಿ. ಹುರಿದ ಶೇಂಗಾ ಒಂದು ಹಿಡಿ, 30 ಗ್ರಾಂ, ಕಾರ್ಬ್ ಐದಾರು ಗ್ರಾಂ, ಪ್ರೋಟೀನ್ ಏಳು. ಎಣ್ಣೆ ಅಂಶ ಇದೆ, ಹಾಗಾಗಿ ಡಬ್ಬ ಮುಂದಿಟ್ಕೊಂಡು ಕೂರಬೇಡಿ, ಹಿಡಿ ತಗೊಂಡು ಡಬ್ಬ ಒಳಗಿಡಿ. ಶೇಂಗಾ ಬೇಜಾರಾದ ದಿನ ಬೇಯಿಸಿದ ಹೆಸರುಕಾಳಿಗೆ ಕಾಯಿತುರಿ ಒಗ್ಗರಣೆ, ಉಪ್ಪು, ನಿಂಬೆಹುಳಿ. ಅಪ್ಪೆಮಿಡಿ ಉಪ್ಪಿನಕಾಯಿ ರಸ ಅರ್ಧ ಚಮಚ ಬೆರೆಸಿದ್ರೆ ಇನ್ನೂ ಚೆನ್ನಾಗಿರುತ್ತೆ, ಬಿಪಿ ಇಲ್ಲ ತಾನೇ ನಿಮಗೆ? ಇದ್ರೆ ಅದೊಂದು ಬಿಡಿ.